ಇಕ್ತಿಯೋಸಾರ್: ಕಚ್ಛಿನಲ್ಲುಂಟು, ದಿವಾದಲ್ಲಿಲ್ಲ

ಇಕ್ತಿಯೋಸಾರ್ ಅಳಿದುಹೋದ ಕಡಲ ಸರೀಸೃಪ, ಡೈನೋಸಾರ್ ಅಲ್ಲ. ಮೈಕಟ್ಟು ಮೀನಿನದು, ಆದರೆ ಉಸಿರಾಡಿದ್ದು ಶ್ವಾಸಕೋಶದಿಂದ, ಮರಿ ಹಾಕಿದ್ದು ನೀರಿನಲ್ಲೇ. ಭಾರತದಲ್ಲಿ ಸಿಕ್ಕ ಇದರ ಬಹುಮಟ್ಟಿಗೆ ಇಡಿಯಾದ ಅಸ್ಥಿಪಂಜರ ಗುಜರಾತಿನ ಕಚ್ಛ್ ಜಿಲ್ಲೆಯ ಲೋಡಾಯಿ ಗ್ರಾಮದ ಬಳಿಯದು. ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಸಂಗಡಿಗರು 2017ರಲ್ಲಿ ಅದರ ವಿವರ ಪ್ರಕಟಿಸಿದರು. ಪ್ರಾಣಿಯ ಉದ್ದ 5 ಮೀಟರಿಗೂ ಹೆಚ್ಚೆಂದು ಅಂದಾಜು. ಜೊತೆಗಿದ್ದ ಅಮೊನೈಟ್ ಎಂಬ ಅಳಿದ ಕಡಲಜೀವಿಗಳ ಚಿಪ್ಪುಗಳಿಂದ ಅದರ ಕಾಲ ಗೊತ್ತಾಯಿತು: 15 ಕೋಟಿ ವರ್ಷಗಳಿಗೂ ಹಿಂದಿನ ಜುರಾಸಿಕ್ ಯುಗ. ಹಲ್ಲುಗಳ ತುದಿ ಸವೆದಿದೆ. ಅದು ಗಟ್ಟಿ ಚಿಪ್ಪಿನ ಬೇಟೆಯನ್ನೂ ಕಡಿಯುತ್ತಿತ್ತು ಎಂಬುದಕ್ಕೆ ಇದೇ ಆಧಾರ.

ಮುಂಬೈ ಸಮೀಪ, ಕಡಲ ಹಿನ್ನೀರಿನ ಖಾಡಿಯ ಮಗ್ಗುಲಲ್ಲೇ ಇರುವ ದಿವಾ, ಡೊಂಬಿವಲಿ, ಕಲ್ಯಾಣಗಳಲ್ಲಿ ಇಂಥದ್ದು ಸಿಗಬೇಡವೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಇಂದಿನ ಕಡಲು ಎಲ್ಲಿದೆ ಎಂಬುದು ಹಿಂದಿನ ಕಡಲಿಗೆ ಸಾಕ್ಷಿಯಲ್ಲ. ಖಾಡಿಯ ಕೆಸರು ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆಯದು. ಅದರಡಿಯ ಕಲ್ಲು, ಹತ್ತಿರದ ಪಾರಸಿಕ್ ರೈಲು ಸುರಂಗ ಕೊರೆದ ಬೆಟ್ಟದ ಕಲ್ಲು, ಎರಡೂ ದಖ್ಖನ್ ಲಾವಾದ ಬಸಾಲ್ಟ್; ವಯಸ್ಸು ಸುಮಾರು 6.6 ಕೋಟಿ ವರ್ಷ. ಇಕ್ತಿಯೋಸಾರ್ ಸಂತತಿ ಸುಮಾರು 9 ಕೋಟಿ ವರ್ಷಗಳ ಹಿಂದೆಯೇ ಮುಗಿದಿತ್ತು. ಕುದಿಯುವ ಲಾವಾದಲ್ಲಿ ಮೂಳೆ ಉಳಿಯುವ ಮಾತಂತೂ ದೂರ.

ಲಾವಾದಡಿ ಹಳೆಯ ಕಡಲತಳ ಹುದುಗಿರಬಾರದೇಕೆ? ಇರಬಹುದು. ಆದರೆ ದಖ್ಖನಿನ ಪಶ್ಚಿಮ ಅಂಚಿನಲ್ಲಿ ಲಾವಾದ ದಪ್ಪ ಒಂದೂವರೆ ಕಿಲೋಮೀಟರ್ ಮೀರುತ್ತದೆ. ಕೈಗೆಟುಕದ ಸಾಧ್ಯತೆಯನ್ನು ಪುರಾವೆ ಎನ್ನಲಾಗದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪ್ಲೀಸಿಯೋಸಾರ್, ಮೊಸಾಸಾರ್ ಎಂಬ ಬೇರೆ ಕಡಲ ಸರೀಸೃಪಗಳು ಲಾವಾ ಹರಿದ ಕಾಲದವರೆಗೂ ಬದುಕಿದ್ದವಲ್ಲ, ಲಾವಾ ಪದರಗಳ ನಡುವಿನ ಮಣ್ಣುಗಲ್ಲಿನಲ್ಲಿ ಅವು ಇರಬಾರದೇ? ಇದಕ್ಕೆ ಉತ್ತರ ಮುಂಬೈಯಲ್ಲೇ ಇದೆ. ವರಳಿಯ ಅಂಥ ಪದರದಲ್ಲಿ ಸಿಕ್ಕದ್ದು ಪುಟ್ಟ ಕಪ್ಪೆ. 1847ರಲ್ಲಿ ಪ್ರಾಣಿವಿಜ್ಞಾನಿ ರಿಚರ್ಡ್ ಓವನ್ ಅದನ್ನು ವರ್ಣಿಸಿದರು. ಅಲ್ಲಿ ಸಿಹಿನೀರಿನ ಆಮೆಯೂ ಸಿಕ್ಕಿದೆ. ಉಪ್ಪುನೀರು ಕಪ್ಪೆಯ ನೆಲೆಯಲ್ಲ. ಅಲ್ಲಿದ್ದದ್ದು ಕೆರೆಯೋ ಜವುಗೋ, ತೆರೆದ ಕಡಲಲ್ಲ.

ಇಕ್ತಿಯೋಸಾರದ ಕುರುಹನ್ನು ದಕ್ಷಿಣದಲ್ಲಿ ನೋಡುವುದಾದರೆ ತಮಿಳುನಾಡಿನ ಅರಿಯಲೂರು ಸೀಮೆ. ಅಲ್ಲಿನ ಕ್ರಿಟೇಷಿಯಸ್ (ಜುರಾಸಿಕ್ ನಂತರದ) ಯುಗದ ಶಿಲೆಯ ಬೆನ್ನುಮೂಳೆಗಳನ್ನು ಪಳೆಯುಳಿಕೆ ತಜ್ಞ ರಿಚರ್ಡ್ ಲಿಡೆಕರ್ 1879ರಲ್ಲೇ ಇಕ್ತಿಯೋಸಾರದ್ದೆಂದು ಗುರುತಿಸಿದ್ದರು. ದಿವಾದ ಕಲ್ಲು ಅಂಥದ್ದಲ್ಲ. ಹಾಗಾಗಿ ಅದರ ಸುತ್ತಿನ ಕಲ್ಲುಗಣಿಯಲ್ಲಿ ಮೂಳೆಯಂತೆ ಬಿಳಿಯ ಗಂಟು ಕಂಡರೆ, ಅದು ಲಾವಾದ ಗುಳ್ಳೆಯೊಳಗೆ ಬೆಳೆದ ಜಿಯೋಲೈಟ್ ಖನಿಜ ಅಥವಾ ಸ್ಫಟಿಕಶಿಲೆಯೆಂದೇ ಮೊದಲು ಶಂಕಿಸಬೇಕು.