ಪಶ್ಚಿಮ ಬೆಂಗಳೂರಿನ ಹೋಟೆಲು ಊಟ-ತಿಂಡಿ: ಇತಿಹಾಸ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮತ್ತು ಇವುಗಳ ನಡುವಣ ಬಡಾವಣೆಗಳಲ್ಲಿ ಮನೆಯಿಂದ ಹೊರಗೆ ಉಣ್ಣುವ, ತಿನ್ನುವ ರೂಢಿ ಬೆಳೆದ ಬಗೆ ಈ ಲೇಖನದ ವಿಷಯ. ಬೆಂಗಳೂರಿನ ಹೋಟೆಲುಗಳ ಚರಿತ್ರೆಯೆಂದು ಬರೆದಿರುವುದೆಲ್ಲ ಬಹುಮಟ್ಟಿಗೆ ಲಾಲ್‌ಬಾಗ್ ರಸ್ತೆ, ಗಾಂಧಿ ಬಜಾರು, ಮಲ್ಲೇಶ್ವರಗಳ ಚರಿತ್ರೆ. 1924ರಲ್ಲಿ ಶುರುವಾದ ಎಂ.ಟಿ.ಆರ್., 1943ರ ವಿದ್ಯಾರ್ಥಿ ಭವನಗಳ ಕತೆ ಸಾಕಷ್ಟು ಕಡೆ ದಾಖಲಾಗಿದೆ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಪಶ್ಚಿಮ ಭಾಗಕ್ಕೆ ಅಷ್ಟು ಹೆಸರಾದ ಹಳೆಯ ಹೋಟೆಲುಗಳಿಲ್ಲ. ಅಲ್ಲಿಗೆ ಮೊದಲು ಬಂದದ್ದು ಕಾರ್ಖಾನೆ, ಆಮೇಲೆ ಬಡಾವಣೆ, ಅದರ ಬೆನ್ನಿಗೆ ನಾಡಿನ ಬೇರೆ ಬೇರೆ ಮೂಲೆಗಳ ಜನ. ಊಟವೂ ಅದೇ ಸರದಿಯಲ್ಲಿ ಬಂತು.

ಗಿರಣಿ, ಕಾರ್ಖಾನೆ, ಕ್ಯಾಂಟೀನು

1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡಾಗ ಇಂದಿನ ರಾಜಾಜಿನಗರ, ವಿಜಯನಗರಗಳ ಜಾಗದಲ್ಲಿದ್ದುದು ಹಳ್ಳಿ, ಹೊಲ, ಕೆರೆ. ಪೇಟೆಯ ಪಶ್ಚಿಮ ಅಂಚಿನಲ್ಲಿ ಮಾತ್ರ 1884ರಿಂದ ಬಿನ್ನಿ ಗಿರಣಿಯಿತ್ತು. ಕೆಂಗೇರಿ ಬೇರೆಯದೇ ಊರು; ಮೈಸೂರು ರೈಲು ದಾರಿಯಲ್ಲಿ ಅದಕ್ಕೊಂದು ನಿಲ್ದಾಣವಿತ್ತು.

ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ 1949ರಲ್ಲಿ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ತಲೆಯೆತ್ತಿತು. ಊಟದ ಚರಿತ್ರೆಯ ಮಟ್ಟಿಗೆ ಇದರ ಜೊತೆಗೇ ನೆನೆಯಬೇಕಾದದ್ದು 1948ರ ಕಾರ್ಖಾನೆ ಕಾಯ್ದೆ. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನು ಕಡ್ಡಾಯವೆಂದು ಸರ್ಕಾರ ನಿಯಮ ಮಾಡಲು ಅದರ 46ನೇ ಕಲಮು ಅವಕಾಶ ಕೊಟ್ಟಿತು. ದೊಡ್ಡ ಕಾರ್ಖಾನೆಯವರು ಒಳಗೇ ಉಂಡರು. ಹತ್ತು-ಇಪ್ಪತ್ತು ಆಳುಗಳ ಲೇತ್ ಶೆಡ್ಡು, ಪ್ರೆಸ್ಸು, ಫೌಂಡ್ರಿಗಳವರಿಗೆ ಆ ಕಲಮು ಅನ್ವಯಿಸಲಿಲ್ಲ. ಈ ಭಾಗದ ಸಣ್ಣ ಹೋಟೆಲುಗಳನ್ನು ಸಾಕಿದವರು ಇವರೇ. ಪಾಳಿ ಬಿಡುವ ಹೊತ್ತಿಗೆ ಬಿಸಿ ಇರಬೇಕು, ಅರ್ಧ ಗಂಟೆಯೊಳಗೆ ಮುಗಿಯಬೇಕು, ಹೊಟ್ಟೆ ತುಂಬಬೇಕು ಎಂಬ ಈ ಗಿರಾಕಿಯ ಬೇಡಿಕೆ ಮುಂದೆ ಬಂದ ಎಲ್ಲ ಬಗೆಯ ಹೋಟೆಲುಗಳ ಮೇಲೂ ತನ್ನ ಗುರುತು ಬಿಟ್ಟಿದೆ.

ಇನ್ನೊಂದು ವ್ಯತ್ಯಾಸವನ್ನು ಈವರೆಗಿನ ಬರವಣಿಗೆಗಳು ಅಷ್ಟಾಗಿ ಗಮನಿಸಿಲ್ಲ. ಹಳೆಯ ಪೇಟೆಯ ಹೋಟೆಲುಗಳು ಜಾತಿಯ ಹೆಸರು ಹೊತ್ತು, ಕೆಲವೆಡೆ ಜಾತಿಗೊಂದು ಕೋಣೆ ಇಟ್ಟುಕೊಂಡು ಬೆಳೆದವು, ಎಂ.ಟಿ.ಆರ್. ಕೂಡ ಮೊದಲಿಗೆ ಬ್ರಾಹ್ಮಣರ ಕಾಫಿ ಕ್ಲಬ್ಬು. ರಾಜಾಜಿನಗರದಲ್ಲಿ ಮನೆಗಳು ಏಳುತ್ತಿದ್ದಾಗ ಸಂವಿಧಾನದ 15ನೇ ವಿಧಿ ಹೋಟೆಲು ಪ್ರವೇಶದಲ್ಲಿ ಜಾತಿ ಭೇದವನ್ನು ನಿಷೇಧಿಸಿತ್ತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ಶಿಕ್ಷಾರ್ಹ ಮಾಡಿತು. ಹಾಗಾಗಿ ಈ ಕಡೆಯ ಹೆಚ್ಚಿನ ಹೋಟೆಲುಗಳು ಕಾನೂನಿನ ಕಣ್ಣಿಗೆ ಮೊದಲ ದಿನದಿಂದಲೇ ಎಲ್ಲರವು. ಜಾತಿ ಪೂರ್ತಿ ಹೋಯಿತೆಂದಲ್ಲ. ‘ಬ್ರಾಹ್ಮಣರ’, ‘ಲಿಂಗಾಯತ’, ‘ಗೌಡರ’ ಎಂಬ ಪದಗಳು ಬೋರ್ಡುಗಳ ಮೇಲೆ ಇಂದಿಗೂ ಇವೆ. ಇಂಥ ಕೈರುಚಿ ಸಿಗುತ್ತದೆ ಎಂದು ಅವು ಈಗ ಎಲ್ಲರನ್ನೂ ಕರೆಯುತ್ತವೆ.

ದರ್ಶಿನಿ: ಮೊದಲನೆಯದು ಯಾವುದು?

ನಿಂತು ತಿನ್ನುವ ದರ್ಶಿನಿ ಹೋಟೆಲಿನ ಹುಟ್ಟನ್ನು ಸಾಮಾನ್ಯವಾಗಿ 1983ಕ್ಕೆ, ಜಯನಗರದ ಕೆಫೆ ದರ್ಶಿನಿಗೆ, ಆರ್. ಪ್ರಭಾಕರ್ ಅವರಿಗೆ ಸಲ್ಲಿಸುತ್ತಾರೆ. ಇದಕ್ಕೆ ಆಕ್ಷೇಪವೂ ಉಂಟು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ, ಮಲ್ಲೇಶ್ವರದ ವೀಣಾ ಸ್ಟೋರ್ಸ್ 1977ರಿಂದ ಇವೆ. ಎರಡೂ ಕಡೆ ಗಿರಾಕಿ ತಿನ್ನುವುದು ಫುಟ್‌ಪಾತಿನಲ್ಲಿ ನಿಂತೇ. ಎರಡು ವಾದಗಳೂ ತಮ್ಮ ಮಟ್ಟಿಗೆ ಸರಿ, ಏಕೆಂದರೆ ಅವು ಎರಡು ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿವೆ. ನಿಲ್ಲುವುದು ಹಳೆಯದು. 1980ರ ದಶಕದಲ್ಲಿ ಹೊಸದಾಗಿ ಕೂಡಿಕೊಂಡದ್ದು ಒಂದು ಇಡೀ ಏರ್ಪಾಟು: ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯುವುದು, ಅದನ್ನು ಕೌಂಟರಿನಲ್ಲಿ ತೋರಿಸಿ ತಟ್ಟೆ ತಾನೇ ಎತ್ತಿಕೊಳ್ಳುವುದು, ಎದೆಮಟ್ಟದ ದುಂಡು ಮೇಜು, ಸ್ಟೀಲು, ಗಿರಾಕಿಯ ಕಣ್ಣೆದುರೇ ಅಡುಗೆಮನೆ. ಹಾಗಾಗಿ 1983ನ್ನು ಒಂದು ಮಾದರಿಯ ಹುಟ್ಟೆಂದು ಒಪ್ಪುವುದೇ ಸರಿ. ಇದನ್ನು ಸ್ಪೇನಿನ ತಾಪಾಸ್ ಕಟ್ಟೆಗಳಿಗೆ ಹೋಲಿಸುವುದುಂಟು. ಅಲ್ಲಿಯೂ ನಿಂತೇ ಸಣ್ಣ ಸಣ್ಣ ತಟ್ಟೆಗಳನ್ನು ಮುಗಿಸುತ್ತಾರೆ. ಆದರೆ ಅಲ್ಲಿನ ಬಾಸ್ಕ್ ನಾಡಿನಲ್ಲಿ ತಿಂದಾದ ಮೇಲೆ ಉಳಿದ ಕಡ್ಡಿಗಳನ್ನೆಣಿಸಿ ದುಡ್ಡು ಪಡೆಯುವ ರೂಢಿಯಿದೆ. ದರ್ಶಿನಿಯಲ್ಲಿ ಅಷ್ಟು ನಂಬಿಕೆಗೆ ಜಾಗವಿಲ್ಲ, ಚೀಟಿ ಇಲ್ಲದೆ ಚಟ್ನಿಯೂ ಬೀಳದು.

ಮಾದರಿ ಹುಟ್ಟಿದ್ದು ದಕ್ಷಿಣದಲ್ಲಾದರೂ ಪಶ್ಚಿಮದ ಬಡಾವಣೆಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ವಿಜಯನಗರ, ಬಸವೇಶ್ವರನಗರಗಳಲ್ಲಿ ಮೂವತ್ತು-ನಲವತ್ತು ಅಡಿಯ ನಿವೇಶನಗಳೇ ಹೆಚ್ಚು. ಬೆಂಚು ಹಾಕಿ ಕೂರಿಸುವ ಹೋಟೆಲಿಗೆ ಅಷ್ಟು ಜಾಗ ಸಾಲದು, ನಿಲ್ಲಿಸಿದರೆ ಸಾಕು. ಸರ್ವರ್‌ಗಳ ಸಂಬಳವೂ ಉಳಿಯುತ್ತದೆ. ಇದರ ಮಾನವೀಯ ಮುಖವನ್ನೂ ದಾಖಲಿಸಬೇಕು. ಹಳೆಯ ಹೋಟೆಲುಗಳ ಮೇಜು ಒರೆಸಿದ, ಲೋಟ ತೊಳೆದ ‘ಮಾಣಿ’ಗಳಲ್ಲಿ ಅನೇಕರು ಕರಾವಳಿಯಿಂದ ಬಂದ ಹುಡುಗರು. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನವರ ದುಡಿಮೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅದಕ್ಕೆ ಎರಡು ದಶಕ ಮೊದಲೇ ದರ್ಶಿನಿಯಲ್ಲಿ ಬಡಿಸುವ ಮಾಣಿಯ ಕೆಲಸವೇ ಇಲ್ಲವಾಗಿತ್ತು.

ದರ್ಶಿನಿಯ ದೋಸೆ ಕಾವಲಿಯ ಮುಂದೆ ಐದು ನಿಮಿಷ ನಿಂತರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ. ಭಟ್ಟರು ಕಾದ ಕಬ್ಬಿಣಕ್ಕೆ ನೀರು ಚಿಮುಕಿಸಿ, ಚುರ್ರೆಂದ ನೀರನ್ನು ತೆಂಗಿನ ಕಡ್ಡಿಯ ಪೊರಕೆಯಿಂದ ಒಮ್ಮೆಗೇ ಗುಡಿಸಿಬಿಡುತ್ತಾರೆ. ಕಾವು ಇಳಿದ ಆ ಗಳಿಗೆಯಲ್ಲಿ ಎಂಟು-ಹತ್ತು ದೋಸೆಗಳ ಹಿಟ್ಟು ಸಾಲಾಗಿ ಬೀಳುತ್ತದೆ. ಮೊದಲ ಸಾಲು ಮಗುಚುವಷ್ಟರಲ್ಲಿ ಮುಂದಿನ ಸಾಲಿನ ಚೀಟಿಗಳು ಕಾವಲಿಯ ಅಂಚಿನಲ್ಲಿ ಸಿದ್ಧ. ಯಾರ ದೋಸೆ ಯಾವುದೆಂಬ ಲೆಕ್ಕ ಭಟ್ಟರ ತಲೆಯಲ್ಲಿರುತ್ತದೆ. ಸಿಂಗಲ್ ಇಡ್ಲಿ, ಒಂದು ವಡೆ, ಖಾರಾಬಾತಿನ ಪಕ್ಕ ಕೇಸರಿಬಾತು ಕೂತ ಚೌಚೌ ಬಾತು, ಇಬ್ಬರಿಗೆ ಒಂದೇ ಕಾಫಿ ಹಂಚುವ ಬೈಟು, ಹೀಗೆ ಅಳತೆಯನ್ನು ಚಿಕ್ಕದಾಗಿಸಿದ್ದರಿಂದಲೇ ಕಡಿಮೆ ದುಡ್ಡಿನವರೂ ಎರಡು ಬಗೆ ರುಚಿ ನೋಡುವಂತಾಯಿತು.

ಖಾನಾವಳಿ

ಪಶ್ಚಿಮ ಬೆಂಗಳೂರಿನ ಊಟದ ಚರಿತ್ರೆಯಲ್ಲಿ ಅತಿ ಕಡಿಮೆ ದಾಖಲಾಗಿರುವುದು ಖಾನಾವಳಿ. ಈ ಲೇಖನದ ಅಭಿಪ್ರಾಯದಲ್ಲಿ ನಿಜವಾದ ತಿರುವು ಅದೇ. 1956ರ ನವೆಂಬರ್ 1ರಂದು ಮುಂಬೈ ಮತ್ತು ಹೈದರಾಬಾದ್ ಕರ್ನಾಟಕದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ನೌಕರರು, ವಿದ್ಯಾರ್ಥಿಗಳು, ಕೋರ್ಟು-ಕಚೇರಿ ಕೆಲಸದವರು ರಾಜಧಾನಿಗೆ ಬರತೊಡಗಿದರು. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ನೆಲೆ ನಿಂತವರಿಗೆ ಅನ್ನ-ಸಾರಿನ ಊರಿನಲ್ಲಿ ಜೋಳದ ರೊಟ್ಟಿ ಬೇಕಿತ್ತು. ಖಾನಾವಳಿ ಉತ್ತರ ಕರ್ನಾಟಕದ ಊರುಗಳಲ್ಲಿ ಮೊದಲಿನಿಂದಲೂ ಇದ್ದದ್ದೇ: ಮನೆಯ ಮುಂದಿನ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ನಡೆಸುವ, ತಿಂಗಳ ಲೆಕ್ಕಕ್ಕೆ ಊಟ ಹಾಕುವ ಜಾಗ. ಬೆಂಗಳೂರಿಗೆ ಬಂದಾಗಲೂ ಅದು ಹೋಟೆಲಿಗಿಂತ ಮನೆಗೇ ಹತ್ತಿರವಾಗಿತ್ತು. ಪತ್ರಿಕೆಗಳ ಹೋಟೆಲು ಪುಟಗಳಲ್ಲಿ ಇದರ ಸುಳಿವು ಬಹಳ ಕಾಲ ಕಾಣದಿರುವುದಕ್ಕೆ ಕಾರಣವೂ ಇದೇ.

ಒಂದು ಖಾನಾವಳಿ ತಟ್ಟೆಯಲ್ಲಿ ಬಿಸಿ ರೊಟ್ಟಿ ಇಲ್ಲವೇ ಕಟಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿ ಇಲ್ಲವೇ ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಅಥವಾ ಅಗಸಿ ಚಟ್ನಿಪುಡಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಸೌತೆ, ಈರುಳ್ಳಿ. ಇವೆಲ್ಲ ಚಿಟಿಕೆ ಚಿಟಿಕೆ; ಹೊಟ್ಟೆ ತುಂಬಿಸುವುದು ರೊಟ್ಟಿ. ಇದಾದ ಮೇಲೆ ಸ್ವಲ್ಪ ಅನ್ನ, ಸಾರು. ಒಳಗೆ ರೊಟ್ಟಿ ಬಡಿಯುವ ಸದ್ದು ಹೊರಗಿನ ರಸ್ತೆಗೂ ಕೇಳುತ್ತದೆ. ಹಿಟ್ಟಿಗೆ ಬಿಸಿನೀರು ಬಿದ್ದು ನಾದಿದ ಕೂಡಲೇ ಬಡಿಯದಿದ್ದರೆ ಅಂಚು ಬಿರಿಯುವುದರಿಂದ ನಾದಿದ ಹಿಟ್ಟನ್ನು ಮುಂಚಿತವಾಗಿ ರಾಶಿ ಹಾಕಿಡಲಾಗದು. ರೊಟ್ಟಿ ಬಡಿಯುವ ಕೈಗಳ ಕೊರತೆಯೇ ಖಾನಾವಳಿಗಳು ದರ್ಶಿನಿಗಳಷ್ಟು ವೇಗವಾಗಿ ಹಬ್ಬದಿರಲು ಮುಖ್ಯ ಕಾರಣವೆನ್ನಬಹುದು. ರಾಜಾಜಿನಗರದ ನವರಂಗ್ ಚಿತ್ರಮಂದಿರದ ಬಳಿಯ ನಳಪಾಕದಂಥ ಕುಟುಂಬ ಹೋಟೆಲುಗಳು ಇದೇ ಊಟವನ್ನು ಮೇಜು-ಕುರ್ಚಿಗೆ ತಂದವು. ಅಲ್ಲಿಂದ ಅದು ಹಳೆ ಮೈಸೂರಿನವರ ಭಾನುವಾರದ ಊಟವೂ ಆಯಿತು.

ಮಿಲಿಟರಿ ಹೋಟೆಲು, ಮುದ್ದೆ, ದೊನ್ನೆ

‘ಮಿಲಿಟರಿ ಹೋಟೆಲು’ ಎಂಬ ಹೆಸರು ಎಲ್ಲಿಂದ ಬಂತೆಂಬುದಕ್ಕೆ ಒಮ್ಮತವಿಲ್ಲ. ದಂಡಿನ ಸಿಪಾಯಿಗಳಿಗೆ ಮಾಂಸದೂಟ ಹಾಕುತ್ತಿದ್ದುದರಿಂದ ಎಂಬುದು ಒಂದು ಹೇಳಿಕೆ. 1638ರ ನಂತರ ಷಹಾಜಿಯ ಜಹಗೀರಾಗಿದ್ದ ಬೆಂಗಳೂರಿನ ಮರಾಠ ಸೈನಿಕರವರೆಗೂ ಬೇರನ್ನು ಎಳೆಯುವುದು ಇನ್ನೊಂದು. ಹಳೆಯ ಮಿಲಿಟರಿ ಹೋಟೆಲುಗಳಲ್ಲಿ ಹಲವು ಮರಾಠಿ ಮನೆತನಗಳವು ಎಂಬುದು ನಿಜ, ಕಾಟನ್‌ಪೇಟೆಯ ಎಸ್.ಜಿ. ರಾವ್ ಹೋಟೆಲು ಶತಮಾನ ದಾಟಿದೆ. ಆದರೆ ಅಲ್ಲಿಂದ ಹದಿನೇಳನೆಯ ಶತಮಾನಕ್ಕೆ ಹಾರುವುದಕ್ಕೆ ಮನೆಮಾತಿನ ಆಧಾರ ಬಿಟ್ಟು ಬೇರೇನೂ ತೋರಿಸಿದವರಿಲ್ಲ.

ಪಶ್ಚಿಮದಲ್ಲಿ ಇದರ ಜೊತೆಗೆ ಮಾಗಡಿ, ರಾಮನಗರ, ಮಂಡ್ಯ ಕಡೆಯ ಮುದ್ದೆ ಹೋಟೆಲು ಬೆರೆಯಿತು: ನಾಟಿಕೋಳಿ ಸಾರು, ಬೋಟಿ ಗೊಜ್ಜು, ಕಾಲು ಸೂಪು, ತಲೆಮಾಂಸ, ಖೈಮಾ ಉಂಡೆ. ಸಣ್ಣ ಅಕ್ಕಿ, ಕೊತ್ತಂಬರಿ-ಪುದೀನ-ಹಸಿಮೆಣಸಿನ ಹಸಿರು ಮಸಾಲೆಯ ಬಿರಿಯಾನಿ ಎಲೆಯ ದೊನ್ನೆಯಲ್ಲಿ ಬರುತ್ತದೆ. ಮದುವೆ ಮುಗಿದ ಮೇಲೆ ನಡೆಯುತ್ತಿದ್ದ ಬೀಗರೂಟ ಈಗ ನಾಗರಬಾವಿ, ಕೆಂಗೇರಿ ಕಡೆ ಹೋಟೆಲಿನ ಬೋರ್ಡಿಗೇ ಏರಿದೆ. ಬೀಗರಿಲ್ಲದೆ ಬೀಗರೂಟ ಉಣ್ಣುವುದು ಈ ಕಾಲದ ಅನುಕೂಲ.

ತಟ್ಟೆ ಇಡ್ಲಿಯ ಎರಡು ದಾರಿ

ತಟ್ಟೆ ಇಡ್ಲಿ ಬಿಡದಿಯದೆಂದು ಮೈಸೂರು ರಸ್ತೆಯವರೂ, ಕ್ಯಾತ್ಸಂದ್ರದ್ದೆಂದು ತುಮಕೂರು ರಸ್ತೆಯವರೂ ಹೇಳುತ್ತಾರೆ. ಎರಡೂ ಹೆದ್ದಾರಿ ಬದಿಯ ಊರುಗಳು, ಪ್ರಯಾಣಿಕರ ತಿಂಡಿಯಿಂದಲೇ ಹೆಸರಾದವು. ಯಾವುದು ಮೊದಲು ಎಂದು ತೀರ್ಮಾನಿಸುವ ಕಾಗದಪತ್ರ ಸಿಕ್ಕುವವರೆಗೆ ಎರಡನ್ನೂ ಸಮಾನವಾಗಿ ನಮೂದಿಸುವುದೇ ಕ್ಷೇಮ. ಎರಡು ರಸ್ತೆಗಳ ನಡುವಿರುವ ಪಶ್ಚಿಮ ಬೆಂಗಳೂರಿಗೆ ಎರಡೂ ಹೆಸರಿನಲ್ಲಿ ತಿಂಡಿ ಬಂತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ಮದ್ದೂರುಗಳನ್ನು ಬದಿಗಿಟ್ಟು ಹೋದಾಗ ಹಳೆಯ ರಸ್ತೆಯ ಹೋಟೆಲಿನವರು ವ್ಯಾಪಾರ ಕುಸಿಯಿತೆಂದು ದೂರಿದರು.

2012ರಿಂದ ಈಚೆಗೆ

ರಾಜಾಜಿನಗರದ ಅಂಚಿನಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ 2012ರಲ್ಲಿ ಒರಾಯನ್ ಮಾಲ್ ತೆರೆಯಿತು, ಇನ್ನೊಂದೆಡೆ 2021ರಲ್ಲಿ ಲುಲು ಮಾಲ್ ಬಂತು. ಹೊರದೇಶದ ಅಡುಗೆ ಈ ಭಾಗಕ್ಕೆ ಬಂದದ್ದು ಹೆಚ್ಚಾಗಿ ಇಂಥ ಫುಡ್‌ಕೋರ್ಟುಗಳ ಮೂಲಕ. 2017ರ ಆಗಸ್ಟ್ 16ರಂದು ಶುರುವಾದ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟು ಶೆಡ್ಡಿನ ಕಾರ್ಮಿಕರಿಗೆ ಮತ್ತೊಂದು ದಾರಿ ತೋರಿಸಿತು. ಅದೇ ವರ್ಷ ಜುಲೈನಲ್ಲಿ ಬಂದ ಜಿಎಸ್‌ಟಿ ಹೋಟೆಲುಗಳ ಮೇಲೆ ಶೇ 12 ಮತ್ತು 18ರಷ್ಟಿದ್ದು, ನವೆಂಬರ್‌ನಲ್ಲಿ ಶೇ 5ಕ್ಕೆ ಇಳಿಯಿತು.

2020ರ ಮಾರ್ಚ್ 25ರ ಲಾಕ್‌ಡೌನ್‌ನಿಂದ ಜೂನ್ 8ರವರೆಗೆ ಪಾರ್ಸೆಲ್ ಬಿಟ್ಟರೆ ಬೇರೆ ವ್ಯಾಪಾರವಿರಲಿಲ್ಲ. ಬಡಿಸುವವರು ಇಲ್ಲದ ದರ್ಶಿನಿ ಪಾರ್ಸೆಲ್‌ಗೆ ಬೇಗ ಒಗ್ಗಿತು. ತಿಂಗಳ ಲೆಕ್ಕದ ಖಾನಾವಳಿಗೆ ವಿದ್ಯಾರ್ಥಿಗಳು ಊರಿಗೆ ಮರಳಿದ್ದೇ ಹೊಡೆತ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿ ಕಾಫಿ ದರವೂ ಏರಿತು. ಅದೇ ವರ್ಷದ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ನಗರದ ಅನೇಕ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು, ನಗದು ಮಾತ್ರ ಎಂಬ ಚೀಟಿ ಅಂಟಿಸಿದವು.