ಛಡಿಯಿಂದ ಕಾಯ್ದೆಯವರೆಗೆ: ಶಾಲೆಗಳಲ್ಲಿ ದಂಡನೆಯ ಇತಿಹಾಸ

ಮಗುವನ್ನು ಮೊದಲ ದಿನ ಶಾಲೆಗೋ ಮಕ್ತಬಕ್ಕೋ ಕರೆತಂದ ತಂದೆ ಉಸ್ತಾದರಿಗೆ ಒಂದು ಮಾತು ಹೇಳಿ ಹೋಗುವುದು ನಮ್ಮ ಹಿರಿಯರ ಕಾಲದಲ್ಲಿ ವಾಡಿಕೆಯಾಗಿತ್ತು: “ಮಾಂಸ ನಿಮ್ಮದು, ಎಲುಬು ನಮ್ಮದು.” ಬೇಕಾದಷ್ಟು ಹೊಡೆಯಿರಿ, ಎಲುಬು ಮಾತ್ರ ಮುರಿಯಬೇಡಿ ಎಂಬುದು ಅದರ ಅರ್ಥ. ಉಸ್ತಾದರ ಛಡಿ ಬಿದ್ದ ಜಾಗಕ್ಕೆ ನರಕದ ಬೆಂಕಿ ತಾಗದು ಎಂಬ ನಂಬಿಕೆಯೂ ನಮ್ಮಲ್ಲಿತ್ತು. ಪಕ್ಕದ ಐಗಳ ಮಠಗಳಲ್ಲಿ, ಗಾಂವಠಿ ಶಾಲೆಗಳಲ್ಲಿ ಸಂಗತಿ ಬೇರೆಯೇನೂ ಇರಲಿಲ್ಲ. ತಪ್ಪು ಮಾಡಿದ ಹುಡುಗನನ್ನು ತೊಲೆಗೆ ಕಟ್ಟಿದ ಹಗ್ಗಕ್ಕೆ ಜೋತು ಬೀಳಿಸುವ ಕೋದಂಡ, ಬಸ್ಕಿ, ಮೊಣಕಾಲೂರಿಸುವುದು, ಕಿವಿ ಹಿಂಡುವುದು ಇವೆಲ್ಲ ಓದಿನ ಅಂಗವೆಂದೇ ಎಣಿಸಲ್ಪಟ್ಟಿದ್ದವು. ದಂಡಂ ದಶಗುಣಂ ಎಂದವರೂ, ಮಾಂಸ ನಿಮ್ಮದು ಎಂದವರೂ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರೇ.

ಆದರೆ ಇದು ನಮ್ಮ ವಿದ್ಯಾಪರಂಪರೆಯ ಮಾತೇ ಎಂದು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಸುಮಾರು ಹತ್ತರ ವಯಸ್ಸಿನಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರ ಸೇವೆಗೆ ಸೇರಿದ ಹಜ್ರತ್ ಅನಸ್, ಹತ್ತು ವರ್ಷಗಳಲ್ಲಿ ತಾನು ಒಂದು ಬೇಸರದ ಮಾತನ್ನೂ ಕೇಳಲಿಲ್ಲವೆಂದು ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ನಮಾಜಿನ ವಿಷಯದಲ್ಲಿ ಹತ್ತು ವರ್ಷದ ಮಗುವಿನ ಬಗ್ಗೆ ಬಂದ ಹದೀಸನ್ನು ಮುಂದಿಟ್ಟು ಛಡಿಯನ್ನು ಸಮರ್ಥಿಸುವವರಿದ್ದಾರೆ. ಆ ಮಾತು ಹೆತ್ತವರನ್ನು ಉದ್ದೇಶಿಸಿದ್ದು. ಅದಕ್ಕೂ ವಿದ್ವಾಂಸರು ಹತ್ತಾರು ಮಿತಿಗಳನ್ನು ಹಾಕಿದರು. ಲೆಕ್ಕದಲ್ಲಿ ತಪ್ಪಿದ್ದಕ್ಕೆ, ಮಗ್ಗಿ ಮರೆತದ್ದಕ್ಕೆ ಅದನ್ನು ಎಳೆದು ತರುವುದು ಸರಿಯಲ್ಲ. 1377ರಲ್ಲಿ ‘ಮುಕದ್ದಿಮಾ’ ಬರೆದ ಇಬ್ನ್ ಖಲ್ದೂನ್, ವಿದ್ಯಾರ್ಥಿಗಳ ಮೇಲಿನ ಕಠೋರತೆ ಹೇಗೆ ಹಾನಿಕರ ಎಂಬುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟ. ಹೊಡೆತದಲ್ಲಿ ಬೆಳೆದ ಮಗು ಸೋಮಾರಿಯಾಗುತ್ತದೆ, ಏಟು ತಪ್ಪಿಸಿಕೊಳ್ಳಲು ಸುಳ್ಳು ಕಲಿಯುತ್ತದೆ, ಮನಸ್ಸಿನಲ್ಲಿರುವುದನ್ನು ಮರೆಮಾಚುವುದೇ ಅದರ ಸ್ವಭಾವವಾಗುತ್ತದೆ ಎಂಬುದು ಅವನ ವಾದ. ಆರು ಶತಮಾನಗಳ ಹಿಂದಿನ ಈ ಮಾತಿನ ಕೊನೆಯ ಭಾಗವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಅಗತ್ಯ ಬೀಳಲಿದೆ.

ಇನ್ನು ಸರಕಾರಿ ಕಾನೂನಿನ ಕಥೆ. ಅಂದಿನ ನಮ್ಮ ನಾಡು ಹಂಚಿಹೋಗಿತ್ತು. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಮೂರು ಆಡಳಿತಗಳನ್ನು ದಾಟಬಹುದಾಗಿತ್ತು. ಆಡಳಿತ ಮೂರಾದರೂ ಮಾಸ್ತರರ ಛಡಿಗೆ ಗಡಿ ಇರಲಿಲ್ಲ.

1860ನೆಯ ಇಸವಿ ಈ ಇತಿಹಾಸದಲ್ಲಿ ಮುಖ್ಯ. ಆ ವರ್ಷ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ ಥಾಮಸ್ ಹೋಪ್ಲಿ ಎಂಬ ಶಿಕ್ಷಕ ತನ್ನ ವಿದ್ಯಾರ್ಥಿಯೊಬ್ಬನನ್ನು ಹೊಡೆದು ಕೊಂದ. ನ್ಯಾಯಾಲಯ ಅವನಿಗೆ ನಾಲ್ಕು ವರ್ಷ ಸಜೆ ವಿಧಿಸಿತು. ಜೊತೆಗೇ, ಹಿತಮಿತವಾದ ದಂಡನೆ ಕೊಡುವ ಅಧಿಕಾರ ತಂದೆಗೂ, ತಂದೆಯಿಂದ ಶಿಕ್ಷಕನಿಗೂ ಇದೆ ಎಂಬ ತತ್ವವನ್ನು ಎತ್ತಿಹಿಡಿಯಿತು. ಅದೇ ವರ್ಷ ಭಾರತೀಯ ದಂಡ ಸಂಹಿತೆ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 88 ಮತ್ತು 89ನೆಯ ಕಲಂಗಳಲ್ಲಿ ಶಾಲೆ ಎಂಬ ಶಬ್ದವೇ ಇಲ್ಲ. ಒಬ್ಬರ ಒಳಿತಿಗಾಗಿ, ಸದ್ಭಾವನೆಯಿಂದ, ಅವರ ಒಪ್ಪಿಗೆ ಪಡೆದು ಮಾಡಿದ ಕೃತ್ಯ ಅಪರಾಧವಲ್ಲ ಎನ್ನುತ್ತದೆ ಒಂದು. ಹನ್ನೆರಡು ವರ್ಷಕ್ಕಿಂತ ಕಿರಿಯರಿದ್ದರೆ ಪಾಲಕರ ಒಪ್ಪಿಗೆ ಸಾಕು ಎನ್ನುತ್ತದೆ ಇನ್ನೊಂದು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯನನ್ನು ರಕ್ಷಿಸಲು ತಕ್ಕುದಾದ ಈ ಕಲಂಗಳ ನೆರಳಿಗೆ ಛಡಿ ಹಿಡಿದ ಮಾಸ್ತರರೂ ಬಂದು ನಿಂತರು.

ಮದ್ರಾಸ್ ಹೈಕೋರ್ಟ್ 1922ರ ಒಂದು ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. ನಮ್ಮ ಭಾಗಕ್ಕೆ ಹತ್ತಿರದ್ದು ಮುಂಬಯಿ ಹೈಕೋರ್ಟಿನ ಘಾಟಗೆ ಪ್ರಕರಣ. 1949ರ ಕಾನೂನು ವರದಿಗಳಲ್ಲಿ ಪ್ರಕಟವಾದ ಈ ತೀರ್ಪಿನಲ್ಲಿ, ಸುಮಾರು 15 ವರ್ಷದ ವಿದ್ಯಾರ್ಥಿಗೆ ಬೆತ್ತದಿಂದ ಹೊಡೆದ ಶಿಕ್ಷಕ ಅಪರಾಧಿಯಲ್ಲ ಎಂದಾಯಿತು. ಮಗುವನ್ನು ಶಾಲೆಗೆ ಕಳಿಸಿದ ಪಾಲಕರು ಅಲ್ಲಿನ ಶಿಸ್ತಿಗೂ, ಮಿತವಾದ ದಂಡನೆಗೂ ಬಾಯಿಬಿಟ್ಟು ಹೇಳದೆಯೇ ಒಪ್ಪಿಗೆ ಕೊಟ್ಟಂತೆ ಎಂಬುದು ಇಂಥ ತೀರ್ಪುಗಳ ಬುಡ. 1948ರಲ್ಲಿ ಸಾಂಗಲಿ, ಮಿರಜಗಳೂ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿದ್ದರಿಂದ ನಮ್ಮ ನಾಲ್ಕೂ ಊರುಗಳು ಆ ಹೈಕೋರ್ಟಿನ ಕೆಳಗೆ ಬಂದಿದ್ದವು. ಯೋಚಿಸಿ ನೋಡಿ: “ಮಾಂಸ ನಿಮ್ಮದು, ಎಲುಬು ನಮ್ಮದು” ಎಂಬ ಮನೆಮಾತಿಗೂ ಈ ತೀರ್ಪಿಗೂ ಅರ್ಥದಲ್ಲಿ ಹೆಚ್ಚು ಅಂತರವಿಲ್ಲ. ಮಗುವಿನ ಮೈ ಯಾರದು ಎಂಬ ಪ್ರಶ್ನೆಗೆ ಎರಡೂ ಕಡೆ ಉತ್ತರ ಕೊಟ್ಟವರು ದೊಡ್ಡವರೇ. ಮಗುವನ್ನು ಯಾರೂ ಕೇಳಲಿಲ್ಲ.

ಗಾಳಿ ತಿರುಗಿದ್ದು ನಿಧಾನವಾಗಿ. ಪೋಲೆಂಡ್ 1783ರಲ್ಲೇ ಶಾಲೆಗಳಲ್ಲಿ ಹೊಡೆಯುವುದನ್ನು ನಿಷೇಧಿಸಿತ್ತು. ನಮಗೆ ಬೆತ್ತದ ಕಾನೂನು ಕೊಟ್ಟ ಇಂಗ್ಲೆಂಡ್ ತನ್ನ ಸರಕಾರಿ ಶಾಲೆಗಳಲ್ಲಿ ಬೆತ್ತ ಬಿಟ್ಟದ್ದು 1987ರಲ್ಲಿ, ಖಾಸಗಿ ಶಾಲೆಗಳಲ್ಲಿ 1999ರಲ್ಲಿ. ನಮ್ಮಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ದೈಹಿಕ ದಂಡನೆಗೆ ಜಾಗವಿಲ್ಲ ಎಂದಿತಾದರೂ ನೀತಿಗೆ ಹಲ್ಲಿರಲಿಲ್ಲ. 1992ರ ಡಿಸೆಂಬರಿನಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. 2000ದ ಡಿಸೆಂಬರ್ 1ರಂದು ದೆಹಲಿ ಹೈಕೋರ್ಟ್ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ಹೊಡೆಯುವ ಅವಕಾಶವನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು. ಮಗುವಿಗೂ ಘನತೆಯಿಂದ ಬದುಕುವ ಮೂಲಭೂತ ಹಕ್ಕಿದೆ, ಅದು ದೊಡ್ಡವರಿಗಿಂತ ಕಡಿಮೆಯದಲ್ಲ ಎಂಬ ನಿಲುವು ಆಗ ಸ್ಪಷ್ಟವಾಯಿತು.

ಕೊನೆಗೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಕಾಯ್ದೆ ಬರುವ ಹೊತ್ತಿಗೆ ಪರಿಸ್ಥಿತಿ ಹೇಗಿತ್ತು? ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2009-10ರಲ್ಲಿ ಏಳು ರಾಜ್ಯಗಳ 6,632 ಮಕ್ಕಳನ್ನು ಮಾತನಾಡಿಸಿತು. ತಮಗೆ ಯಾವ ಶಿಕ್ಷೆಯೂ ಆಗಿಲ್ಲ ಎಂದವರು ಬರೀ ಒಂಬತ್ತು ಮಂದಿ.

ಇಲ್ಲಿ ನಮ್ಮಂಥ ಸಂಸ್ಥೆಗಳು ಗಮನಿಸಬೇಕಾದ ಸಂಗತಿಯೊಂದಿದೆ. 2012ರ ತಿದ್ದುಪಡಿ ಮದರಸಾ ಮತ್ತು ವೇದಪಾಠಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ಹೊರಗಿಟ್ಟಿತು. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠದ ಮುಂದಿಡಲು ಕೇಳಿಕೊಂಡಿತು. ಹಾಗಾದರೆ ಅಲ್ಪಸಂಖ್ಯಾತ ಶಾಲೆಯಲ್ಲಿ ಹೊಡೆಯಬಹುದೇ? ಖಂಡಿತ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಂ ಶಾಲೆ ಯಾರದು ಎಂದು ಕೇಳುವುದಿಲ್ಲ. ತನ್ನ ವಶದಲ್ಲಿರುವ ಮಗುವಿನ ಮೇಲೆ ಹಲ್ಲೆ ಮಾಡಿ ನೋವುಂಟುಮಾಡಿದವನಿಗೆ ಮೂರು ವರ್ಷದವರೆಗೆ ಸಜೆ. ಮಗುವಿನ ಪಾಲನೆಯ ಹೊಣೆ ಹೊತ್ತ ಸಂಸ್ಥೆಯ ನೌಕರ ಅಥವಾ ಆಡಳಿತದವನಾದರೆ ಐದು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ. ಸಂವಿಧಾನದ 30ನೆಯ ವಿಧಿ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ, ಛಡಿ ಬೀಸುವ ಹಕ್ಕನ್ನಲ್ಲ. ಹಳೆಯ 88, 89ನೆಯ ಕಲಂಗಳ ಮಾತು ಮಾತ್ರ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ 26, 27ನೆಯ ಕಲಂಗಳಾಗಿ ಉಳಿದುಕೊಂಡಿದೆ. ಬಚಾವಿನ ಹಳೆಯ ಬಾಗಿಲು ಪೂರ್ತಿ ಮುಚ್ಚಿಲ್ಲವೆಂದೇ ಇದರ ಅರ್ಥ.

2022ರ ಡಿಸೆಂಬರ್ 19ರಂದು ನಮ್ಮದೇ ಗದಗ ಜಿಲ್ಲೆಯ ನರಗುಂದ ತಾಲೂಕಿನ ಹದ್ಲಿ ಗ್ರಾಮದ ಸರಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಬಾಲಕನೊಬ್ಬ ಸತ್ತ. ಅವನನ್ನು ಹೊಡೆದು ಮೇಲಂತಸ್ತಿನಿಂದ ಕೆಳಕ್ಕೆ ಎಸೆದ ಆರೋಪ ಅತಿಥಿ ಶಿಕ್ಷಕನೊಬ್ಬನ ಮೇಲೆ ಬಂತು. ಇದನ್ನು ಶಿಸ್ತಿನ ಏಟು ಕೈಮೀರಿದ ಪ್ರಕರಣ ಎಂದು ಕರೆಯುವುದು ತಪ್ಪಾದೀತು, ಅದರ ಕ್ರೌರ್ಯವೇ ಬೇರೆ. ಆದರೂ ಆ ಸುದ್ದಿ ಓದಿದ ದಿನ ಜಿಲ್ಲೆಯ ಎಷ್ಟು ತಾಯಂದಿರು ಮಕ್ಕಳನ್ನು ಕೂರಿಸಿಕೊಂಡು “ನಿಮ್ಮ ಸಾಲ್ಯಾಗ ಹೊಡೀತಾರೇನು?” ಎಂದು ಕೇಳಿರಬೇಕು!

ಕೇಳಿದರೂ ಮಗು ಹೇಳುತ್ತದೆಯೇ? ಇಬ್ನ್ ಖಲ್ದೂನನ ಮಾತು ಇಲ್ಲಿಗೆ ಬೇಕಾಗುತ್ತದೆ. ಏಟಿಗೆ ಅಂಜಿ ಮರೆಮಾಚಲು ಕಲಿತ ಮಗು, ತನ್ನ ಮೇಲೆ ಅದಕ್ಕಿಂತ ಘೋರವಾದ ಅನ್ಯಾಯ ನಡೆದಾಗಲೂ ಬಾಯಿ ಬಿಡುವುದಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳು ಮಾತನಾಡಿದರು. ಕರ್ನಾಟಕ ಅದರಲ್ಲಿರಲಿಲ್ಲ, ನೆರೆಯ ಮಹಾರಾಷ್ಟ್ರ, ಗೋವಾ, ಕೇರಳ, ಆಂಧ್ರಗಳಿದ್ದವು. ಶೇಕಡಾ 53ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದರು. ಹಿಂಸಿಸಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಈ ಮೌನವನ್ನು ಮುರಿಯಲೆಂದೇ 2012ರ ನವೆಂಬರ್ 14ರಂದು ಪೋಕ್ಸೋ ಕಾಯ್ದೆ ಜಾರಿಗೆ ಬಂತು. ಅದರ 19ನೆಯ ಕಲಂ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ, ನಡೆಯಬಹುದೆಂಬ ಆತಂಕವಿರುವ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ಮೊದಲು ಆಡಳಿತ ಮಂಡಳಿಯ ಸಭೆ ಕರೆಯೋಣ, ಜಮಾತಿನ ಹಿರಿಯರನ್ನು ಕೇಳೋಣ, ಹುಡುಗಿಯ ಮರ್ಯಾದೆಯ ಪ್ರಶ್ನೆ ಎಂಬ ಮಾತುಗಳಿಗೆ ಅಲ್ಲಿ ಸ್ಥಳವಿಲ್ಲ. ತಿಳಿಸದವರಿಗೆ ಆರು ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. ಪ್ರಾಮಾಣಿಕ ನಂಬಿಕೆಯಿಂದ ದೂರು ಕೊಟ್ಟವನ ಮೇಲೆ ಕ್ರಮವಿಲ್ಲ. ಮರ್ಯಾದೆಯ ಚಿಂತೆಗೂ ಕಾಯ್ದೆಯೇ ಉತ್ತರ ಕೊಟ್ಟಿದೆ: ಮಗುವಿನ ಹೆಸರು, ಶಾಲೆ, ಮನೆತನದ ವಿವರಗಳನ್ನು ಮಾಧ್ಯಮದವರು ಹೊರಹಾಕುವಂತಿಲ್ಲ. ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು.

ಇದು ಬರೀ ಕಾಗದದ ಮಾತಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಶಾಲೆಯೊಂದರ ವಸತಿನಿಲಯದ ಆದಿವಾಸಿ ಬಾಲಕಿಯರ ಮೇಲೆ ದೌರ್ಜನ್ಯ ನಡೆದಾಗ, ಅವರಿಗೆ ಚಿಕಿತ್ಸೆ ನೀಡಿದ ವೈದ್ಯರು ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂದು ಪ್ರಕರಣ ದಾಖಲಾಯಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧವೆಂದು ಹೇಳಿತು.

ಬರೀ ಏಟಿನ ವಿಷಯದಲ್ಲಿ ಮಾತ್ರ, ಕಂಡೂ ಸುಮ್ಮನಿದ್ದ ಸಹಶಿಕ್ಷಕನಿಗೆ ಪೋಕ್ಸೋದಂಥ ಶಿಕ್ಷೆ ಇಲ್ಲ. ಈ ಕೊರತೆ ತುಂಬಲು ಮಕ್ಕಳ ಹಕ್ಕುಗಳ ಆಯೋಗ 2012ರ ತನ್ನ ಮಾರ್ಗಸೂಚಿಯಲ್ಲಿ ಪ್ರತಿ ಶಾಲೆಗೂ ಒಂದು ನಿಗಾ ಸಮಿತಿ ಇರಲಿ ಎಂದಿತು. ಮಗು ತಾನೇ ಹೇಳಿಕೊಳ್ಳುವುದಾದರೆ ಮಕ್ಕಳ ಸಹಾಯವಾಣಿ 1098 ಇದೆ. 1996ರಲ್ಲಿ ಮುಂಬಯಿಯಲ್ಲಿ ಬೀದಿ ಮಕ್ಕಳಿಗಾಗಿ ಶುರುವಾದ ಈ ಸೇವೆಯನ್ನು 2023ರಿಂದ ಸರಕಾರವೇ ವಹಿಸಿಕೊಂಡಿದೆ. ನಾಲ್ಕೇ ಅಂಕಿ, ಕರೆಗೆ ಕಾಸಿಲ್ಲ, ಹಗಲು ರಾತ್ರಿ ಎನ್ನದೆ ನಡೆಯುತ್ತದೆ. ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣೆತ್ತರದಲ್ಲಿ, ಉರ್ದು ಮತ್ತು ಕನ್ನಡ ಎರಡರಲ್ಲೂ ಇದನ್ನು ಬರೆಸಲು ಒಂದು ಡಬ್ಬಿ ಬಣ್ಣ ಸಾಕು.