ಎಜೆಕ್ಷನ್ ಸೀಟು: ಆರಂಭದ ಜೆಟ್ ಯುದ್ಧವಿಮಾನಗಳಲ್ಲಿ

ಅಪಾಯಕ್ಕೆ ಸಿಲುಕಿದ ವಿಮಾನದಿಂದ ಪೈಲಟನ್ನು ಆಸನದ ಸಮೇತ ಹೊರಕ್ಕೆ ಚಿಮ್ಮಿಸುವ ಸಾಧನ. ಪ್ರೊಪೆಲರ್ ವಿಮಾನಗಳಲ್ಲಿ ಪೈಲಟ್ ಕಾಕ್‌ಪಿಟ್‌ನಿಂದ ತಾನೇ ಎದ್ದು ಹೊರಗೆ ಹಾರುತ್ತಿದ್ದ. ಜೆಟ್ ವೇಗದಲ್ಲಿ ಗಾಳಿಯ ಒತ್ತಡ ಏಳಲು ಬಿಡದು. ಹಾಗೂ ಹೀಗೂ ಎದ್ದರೂ ವಿಮಾನದ ಬಾಲಕ್ಕೆ ಬಡಿಯುವ ಭಯ.

ಜರ್ಮನಿಯ ಹೈಂಕೆಲ್ 280 ಜೆಟ್‌ನ ಸೀಟು ಒತ್ತಿ ತುಂಬಿದ ಗಾಳಿಯಿಂದ ಚಿಮ್ಮುತ್ತಿತ್ತು. 1942ರ ಜನವರಿ 13ರಂದು, ಹಿಮಗಟ್ಟಿ ಹತೋಟಿ ತಪ್ಪಿದಾಗ, ಪರೀಕ್ಷಾ ಪೈಲಟ್ ಹೆಲ್ಮುಟ್ ಶೆಂಕ್ ಇದರಿಂದಲೇ ಪಾರಾದ. ತುರ್ತಿನಲ್ಲಿ ಇಂಥ ಸೀಟು ಬಳಸಿದವರಲ್ಲಿ ಅವನೇ ಮೊದಲಿಗ.

ಬ್ರಿಟನ್ನಿನ ವಿಮಾನ ತಯಾರಕ ಜೇಮ್ಸ್ ಮಾರ್ಟಿನ್ ಸೀಟು ಚಿಮ್ಮಿಸಲು ಸಿಡಿಮದ್ದಿನ ತೋಟಾಗಳನ್ನು ನೆಚ್ಚಿದ. ಪಾಲುದಾರ ವ್ಯಾಲೆಂಟೈನ್ ಬೇಕರ್ 1942ರಲ್ಲಿ ಪರೀಕ್ಷಾ ಹಾರಾಟದಲ್ಲಿ ಸತ್ತದ್ದು ಅವನನ್ನು ಪೈಲಟ್ ಸುರಕ್ಷತೆಯತ್ತ ತಿರುಗಿಸಿತ್ತು. 1946ರ ಜುಲೈ 24ರಂದು, ಮಾರ್ಟಿನ್‌ನ ಸೀಟಿನ ಪರೀಕ್ಷೆಯಲ್ಲಿ, ಹಾರುತ್ತಿದ್ದ ಮೀಟಿಯರ್ ಜೆಟ್‌ನಿಂದ ಬರ್ನಾರ್ಡ್ ಲಿಂಚ್ ಚಿಮ್ಮಿ ಕ್ಷೇಮವಾಗಿ ಇಳಿದ. ಆದರೂ ಮೊದಲ ಮಾದರಿಗಳು ಅರೆಬರೆ ರಕ್ಷಣೆಯಷ್ಟೇ: ಹೊರಬಿದ್ದ ಮೇಲೆ ಪಟ್ಟಿ ಬಿಚ್ಚಿ, ಸೀಟನ್ನು ಕಳಚಿ, ಪ್ಯಾರಾಚೂಟ್ ತೆರೆಯುವುದೆಲ್ಲ ಪೈಲಟ್‌ನದೇ ಕೆಲಸ. ಎತ್ತರ ಕಡಿಮೆಯಿದ್ದರೆ ಅಷ್ಟು ಸಮಯ ಸಿಗುತ್ತಿರಲಿಲ್ಲ. ಈ ಕೆಲಸಗಳೆಲ್ಲ ಸ್ವಯಂಚಾಲಿತವಾದದ್ದು 1950ರ ದಶಕದಲ್ಲಿ.

ಸೀಟು ಎಲ್ಲರಿಗೂ ದಕ್ಕಲಿಲ್ಲ. ವಲ್ಕನ್ ಬಾಂಬರ್‌ನಲ್ಲಿ ಇದ್ದದ್ದು ಇಬ್ಬರು ಪೈಲಟ್‌ಗಳಿಗೆ ಮಾತ್ರ. ಸಮರ್ಥಿಸಲು ಕಷ್ಟವಾದ ತಾರತಮ್ಯ. 1956ರ ಅಕ್ಟೋಬರ್ 1ರಂದು ಲಂಡನ್ನಿನ ಹೀಥ್ರೂನಲ್ಲಿ ವಲ್ಕನ್ ಒಂದು ಅಪಘಾತಕ್ಕೀಡಾದಾಗ ಆ ಇಬ್ಬರು ಬದುಕಿದರು, ಉಳಿದ ನಾಲ್ವರು ಸತ್ತರು.